ಡೇವಿಡ್ ಪಟ್ನಮ್ ಯಾರು? ಸಿನಿಮಾ ಬಿಟ್ಟು ಡಿಜಿಟಲ್ ಕಡೆ ಹೋಗಿದ್ದು ಹೇಗೆ?

ಇವರು ಬ್ರಿಟನ್ನಿನ ನಿರ್ಮಾಪಕರು, ಹುಟ್ಟಿದ್ದು 1941ರಲ್ಲಿ, ಲಂಡನ್ನಿನಲ್ಲಿ. ಶುರು ಮಾಡಿದ್ದು ಜಾಹೀರಾತು ಏಜೆನ್ಸಿಯಲ್ಲಿ, ಆಮೇಲೆ ಫೋಟೋಗ್ರಾಫರುಗಳ ಏಜೆಂಟ್ ಆಗಿದ್ದರು. ಸಿನಿಮಾಕ್ಕೆ ಬಂದಿದ್ದು ಅದಾದ ಮೇಲೆ.

ಹೆಸರು ತಂದಿದ್ದು 1981ರ ‘ಚಾರಿಯಟ್ಸ್ ಆಫ್ ಫೈರ್’. ಬಿಳಿ ಬಟ್ಟೆ ತೊಟ್ಟ ಓಟಗಾರರು ಬರಿಗಾಲಲ್ಲಿ ಸಮುದ್ರದ ದಂಡೆಯಲ್ಲಿ ನೀರು ಚಿಮ್ಮಿಸುತ್ತ ಓಡುವ ದೃಶ್ಯ ನೋಡಿರ್ತೀರಿ, ಅಲ್ವಾ? ಕಥೆ 1924ರ ಒಲಿಂಪಿಕ್ಸ್‌ದು, ಹಿಂದೆ ಕೇಳೋದು ಮಾತ್ರ ಸಂಗೀತ ನಿರ್ದೇಶಕ ವ್ಯಾಂಜೆಲಿಸ್ ಅವರ ಸಿಂಥಸೈಜರ್ ಅನ್ನೋ ಎಲೆಕ್ಟ್ರಾನಿಕ್ ವಾದ್ಯ! ಕಾಲಕ್ಕೆ ಹೊಂದದ ಸಂಗೀತ, ಆದರೂ ಅದಿಲ್ಲದೆ ಆ ಓಟವನ್ನು ಈಗ ಊಹಿಸೋಕೇ ಆಗಲ್ಲ. ಅತ್ಯುತ್ತಮ ಚಿತ್ರ ಸೇರಿ ನಾಲ್ಕು ಆಸ್ಕರ್ ಬಂತು. ‘ದಿ ಕಿಲ್ಲಿಂಗ್ ಫೀಲ್ಡ್ಸ್’, ‘ದಿ ಮಿಷನ್’ ಕೂಡ ಇವರದ್ದೇ.

1986ರಲ್ಲಿ ಹಾಲಿವುಡ್ಡಿನ ಕೊಲಂಬಿಯಾ ಪಿಕ್ಚರ್ಸ್‌ಗೆ ಮುಖ್ಯಸ್ಥರಾದರು. ಸ್ಟಾರ್‌ಗಳ ಸಂಭಾವನೆ ಜಾಸ್ತಿಯಾಯ್ತು ಅಂತ ಬಾಯಿಬಿಟ್ಟೇ ಹೇಳುವ ಮನುಷ್ಯ ಅಲ್ಲಿ ಎಷ್ಟು ದಿನ ಉಳಿದಾನು? ಮರುವರ್ಷವೇ ಹೊರಗೆ ಬಂದರು.

1990ರ ದಶಕದ ಕೊನೆಗೆ ನಿರ್ಮಾಣ ಬಿಟ್ಟರು. ಬ್ರಿಟನ್ ಸಂಸತ್ತಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನ ಸದಸ್ಯರಾದರು, ಓಪನ್ ಯೂನಿವರ್ಸಿಟಿಗೆ ಕುಲಾಧಿಪತಿಯೂ ಆದರು. ಆಮೇಲೆ ಅಟಿಕಸ್ ಎಜುಕೇಶನ್ ಅನ್ನುವ ಕಂಪನಿ ಕಟ್ಟಿದರು. ಐರ್ಲೆಂಡಿನ ಸ್ಕಿಬರೀನ್ ಅನ್ನುವ ಪುಟ್ಟ ಊರಿನ ಮನೆಯಲ್ಲೇ ಕೂತು, ವಿಡಿಯೋ ಲಿಂಕಿನಲ್ಲಿ ಬೇರೆ ಬೇರೆ ದೇಶದ ವಿದ್ಯಾರ್ಥಿಗಳಿಗೆ ಸಿನಿಮಾ ಪಾಠ. ಕೋವಿಡ್ ಬಂದು ನಾವೆಲ್ಲ ಆನ್‌ಲೈನ್ ಕ್ಲಾಸ್ ಅಂತ ಒದ್ದಾಡೋಕೆ ಎಷ್ಟೋ ವರ್ಷ ಮೊದಲೇ!