ಯಾರ್ಡಿನಲ್ಲಿ ಓಡಿದ್ದು ಲೆಕ್ಕಕ್ಕಿಲ್ಲ

ಹಳೆ ಸ್ಟೀಮ್ ಎಂಜಿನ್ ಸರಿ ಮಾಡಿ ಮತ್ತೆ ಮೇನ್ ಲೈನಿಗೆ ಇಳಿಸುವ ಬಗ್ಗೆ ಬಂದ ಪ್ರಶ್ನೆಗಳ ಕಟ್ಟು ಮುಂದಿದೆ. ಅರ್ಧಕ್ಕಿಂತ ಜಾಸ್ತಿ ಜನ ಕೇಳಿರುವುದು ಒಂದೇ ಪ್ರಶ್ನೆ, ಯಾರ್ಡಿನಲ್ಲಿ ಓಡಿದ ಎಂಜಿನ್ ಮೇನ್ ಲೈನಿಗೆ ಯಾಕೆ ಬಿಡುವುದಿಲ್ಲ ಅಂತ, ಕೈಬರಹ ಮಾತ್ರ ಬೇರೆ. ಅದಕ್ಕೇ ಈ ಸಲ ಹೆಚ್ಚಿನ ಜಾಗ ಅದಕ್ಕೆ. ಬಾಯ್ಲರ್ ಅಂದ್ರೇನು, ಪಿಸ್ಟನ್ ಅಂದ್ರೇನು ಅಂತ ಕೇಳಿದವರು ಶಾಲೆಯ ವಿಜ್ಞಾನ ಪುಸ್ತಕ ತೆಗೆದು ನೋಡಿ.

ಪ್ರಶ್ನೆ: ಟೆಂಡರ್ (ಎಂಜಿನ್ ಹಿಂದಿನ ನೀರು, ಕಲ್ಲಿದ್ದಲಿನ ಬಂಡಿ) ತುಂಬಿಸಿದರೆ ಇಡೀ ದಿನ ಓಡಿಸಬಹುದಲ್ವಾ ಸರ್?

ಉತ್ತರ: ಇಲ್ಲ. ದೊಡ್ಡ ಎಕ್ಸ್‌ಪ್ರೆಸ್ ಎಂಜಿನ್ ಕಿಲೋಮೀಟರಿಗೆ ಸುಮಾರು 100 ಲೀಟರ್ ನೀರು ಕುಡಿಯುತ್ತದೆ. ಹಿಂದೆ ಸ್ಟೇಷನ್‌ಗಳಲ್ಲಿ ನೀರಿನ ಕಂಬ ಇರುತ್ತಿತ್ತು, ಈಗ ಇಲ್ಲ. ದಾರಿಯಲ್ಲಿ ಟ್ಯಾಂಕರ್ ಎಲ್ಲಿ ನಿಲ್ಲಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಹತ್ತು ವರ್ಷ ಕಷ್ಟಪಟ್ಟು ಎಂಜಿನ್ ಸರಿ ಮಾಡಿದ್ದೇವೆ. ಬಾಯ್ಲರ್ ಟೆಸ್ಟ್ ಪಾಸಾಗಿದೆ. ಯಾರ್ಡಿನಲ್ಲಿ ಅರ್ಧ ಕಿಲೋಮೀಟರ್ ಓಡಿಸಿ ನೋಡಿದೆವು, ಒಂದು ತೊಂದರೆಯೂ ಇಲ್ಲ. ಆದರೂ ಮೇನ್ ಲೈನಿಗೆ ಬಿಡಲು ಅಧಿಕಾರಿಗಳು ತಕರಾರು ಮಾಡುತ್ತಾರೆ. ಸುಮ್ನೆ ಕಾಗದಪತ್ರದ ಕಾಟ ಅಲ್ವಾ?

ಉತ್ತರ: ಅಲ್ಲ. ಅಧಿಕಾರಿಗಳ ಪರ ಮಾತಾಡುವ ಅಭ್ಯಾಸ ನನಗಿಲ್ಲ. ಆದರೆ ಇಲ್ಲಿ ಅವರು ಹೇಳುವುದೇ ಸರಿ.

ಒಂದು ಲೆಕ್ಕ ಹಾಕಿ. ದೊಡ್ಡ ಚಕ್ರದ ಅಡ್ಡಳತೆ 1.7 ಮೀಟರ್ ಅನ್ನಿ. ಯಾರ್ಡಿನ ಅರ್ಧ ಕಿಲೋಮೀಟರಿಗೆ ಅದು ನೂರು ಸುತ್ತು ಕೂಡ ತಿರುಗುವುದಿಲ್ಲ. ಮೇನ್ ಲೈನಿನಲ್ಲಿ ಗಂಟೆಗೆ 80 ಕಿ.ಮೀ. ಹೊಡೆದರೆ ನಿಮಿಷಕ್ಕೆ ಸುಮಾರು 250 ಸುತ್ತು. ಅಂದರೆ ಪಿಸ್ಟನ್ ಸೆಕೆಂಡಿಗೆ ಎಂಟು ಸಲ ನಿಂತು ದಿಕ್ಕು ಬದಲಿಸುತ್ತದೆ. ಆ ಏಟೆಲ್ಲ ಬೀಳುವುದು ಪಿಸ್ಟನ್ನಿಗೂ ಚಕ್ರಕ್ಕೂ ನಡುವಿನ ರಾಡ್‌ಗಳ ಬೇರಿಂಗ್ ಮೇಲೆ. ನೂರು ಕಿಲೋಮೀಟರ್ ಮುಗಿಯುವಾಗ 18 ಸಾವಿರ ಸುತ್ತು ದಾಟಿರುತ್ತದೆ. ಬೇರಿಂಗ್ ಬಿಸಿಯಾಗಲೂ ಪುರುಸೊತ್ತು ಬೇಕು ಸ್ವಾಮಿ. ಯಾರ್ಡಿನಲ್ಲಿ ನೀವು ಅದಕ್ಕೆ ಆ ಪುರುಸೊತ್ತನ್ನೇ ಕೊಟ್ಟಿಲ್ಲ.

ಚೆನ್ನಾಗಿ ಮಾಡಿದ ಎಂಜಿನ್‌ಗೂ ಇದು ತಪ್ಪಿದ್ದಲ್ಲ. 1938ರ ಜುಲೈ 3ರಂದು ಬ್ರಿಟನ್ನಿನ ಮ್ಯಾಲಾರ್ಡ್ ಎಂಜಿನ್ ಗಂಟೆಗೆ 126 ಮೈಲಿ, ಅಂದರೆ ಸುಮಾರು 203 ಕಿ.ಮೀ. ಓಡಿ ದಾಖಲೆ ಮಾಡಿತು. ಆ ದಾಖಲೆಯನ್ನು ಎಲ್ಲರೂ ಹೇಳುತ್ತಾರೆ. ಅದೇ ಓಟದಲ್ಲಿ ನಡುವಿನ ರಾಡ್‌ನ ಬೇರಿಂಗಿನ ಮೆತ್ತನೆ ಲೋಹ, ಅದೇ ವೈಟ್ ಮೆಟಲ್, ಕರಗಿ, ಎಂಜಿನ್ ಕುಂಟುತ್ತ ಪೀಟರ್‌ಬರೋ ಸೇರಿತು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಟೊರ್ನಾಡೊ ನೋಡಿ. ಅದು ಹಳೆಯದಲ್ಲ, 2008ರಲ್ಲಿ ಹೊಸದಾಗಿ ಕಟ್ಟಿ ಮುಗಿಸಿದ ಎಂಜಿನ್. 2017ರ ಏಪ್ರಿಲ್‌ನಲ್ಲಿ ಟೆಸ್ಟ್ ಓಟದಲ್ಲಿ ಗಂಟೆಗೆ 100 ಮೈಲಿ ಮುಟ್ಟಿತು. ಮುಂದಿನ ಏಪ್ರಿಲ್‌ನಲ್ಲಿ ಪ್ರಯಾಣಿಕರನ್ನು ಎಳೆದುಕೊಂಡು ಹೊರಟಾಗ ಸಿಲಿಂಡರಿಗೆ ಹೊತ್ತಿಗೆ ಸರಿಯಾಗಿ ಉಗಿ ಬಿಡುವ ವಾಲ್ವ್ ಗೇರ್ ಕೆಟ್ಟು ದಾರಿಯಲ್ಲೇ ನಿಂತಿತು. ಅವರು ಕೆಲಸ ಬಲ್ಲವರು. ನಿಮ್ಮ ಅರ್ಧ ಕಿಲೋಮೀಟರ್ ಯಾವ ಲೆಕ್ಕ?

ಇದೆಲ್ಲ ದುಡ್ಡಿನ ನಷ್ಟ, ಮರ್ಯಾದೆಯ ನಷ್ಟ. ನನಗೆ ನಿದ್ದೆ ಕೆಡಿಸುವುದು ಬೇರೆ. ನೀರು.

ಯಾರ್ಡ್ ಮಟ್ಟಸವಾಗಿರುತ್ತದೆ. ಮೇನ್ ಲೈನಿನಲ್ಲಿ ಏರು ಇದೆ, ಇಳಿಜಾರು ಇದೆ. ಎಂಜಿನ್ ಏರು ಹತ್ತುವಾಗ ಬಾಯ್ಲರಿನ ನೀರು ಹಿಂದಕ್ಕೆ, ಬೆಂಕಿ ಉರಿಯುವ ಫೈರ್‌ಬಾಕ್ಸ್ ಕಡೆಗೆ ವಾಲುತ್ತದೆ. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ, ಅದೇ ಗೇಜ್ ಗ್ಲಾಸ್, ಇರುವುದೂ ಹಿಂದೆಯೇ. ಹಾಗಾಗಿ ನೀರು ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಸಿಲಿಂಡರಿಗೆ ಉಗಿ ಬಿಡುವ ರೆಗ್ಯುಲೇಟರ್ ತೆರೆದು ಜೋರಾಗಿ ಎಳೆಯುತ್ತಿದ್ದರೆ ನೀರು ಗುಳ್ಳೆ ಎದ್ದು ಉಬ್ಬಿರುತ್ತದೆ, ಅದರಿಂದ ಇನ್ನಷ್ಟು ಜಾಸ್ತಿ. ಈಗ ತುದಿ ಬಂತು. ಡ್ರೈವರ್ ರೆಗ್ಯುಲೇಟರ್ ಮುಚ್ಚುತ್ತಾರೆ, ಉಬ್ಬು ಇಳಿಯುತ್ತದೆ. ಎಂಜಿನ್ ಮುಂದಕ್ಕೆ ಬಾಗುತ್ತದೆ, ನೀರು ಮುಂದಕ್ಕೆ ಓಡುತ್ತದೆ. ಬ್ರೇಕ್ ಹಾಕಿದರೆ ಇನ್ನೂ ಮುಂದಕ್ಕೆ. ಏಳು ಮೀಟರ್ ಉದ್ದದ ನೀರು ನೂರಕ್ಕೊಂದರ ಏರಿನಿಂದ ನೂರಕ್ಕೊಂದರ ಇಳಿಜಾರಿಗೆ ತಿರುಗಿದರೆ ಹಿಂದಿನ ತುದಿಯಲ್ಲಿ ಮಟ್ಟ ಸುಮಾರು 7 ಸೆಂಟಿಮೀಟರ್ ಇಳಿಯುತ್ತದೆ. ಒಂದು ತೊಟ್ಟು ನೀರು ಖರ್ಚಾಗದೆ ಇಷ್ಟು. ಫೈರ್‌ಬಾಕ್ಸಿನ ತಲೆಯ ಮೇಲಿನ ತಗಡು, ಅದೇ ಕ್ರೌನ್ ಶೀಟ್, ಆಗ ಬರಿದಾಗಬಹುದು. ಕೆಳಗೆ ಸಾವಿರ ಡಿಗ್ರಿ ದಾಟಿದ ಬೆಂಕಿ. ಉಕ್ಕು ಕೆಂಪಗಾಗಿ ಮೆತ್ತಗಾಗುತ್ತದೆ.

ಒಮ್ಮೆ ಟೆಸ್ಟ್ ಓಟದಲ್ಲಿ ಡ್ರೈವರ್ ನಿಲ್ಲುವ ಫುಟ್‌ಪ್ಲೇಟ್ ಮೇಲೆ ನಾನೇ ನಿಂತಿದ್ದೆ. ಏರಿನಲ್ಲಿ ಅರ್ಧ ಗ್ಲಾಸ್ ಇದ್ದ ನೀರು, ಇಳಿಜಾರಿಗೆ ತಿರುಗಿದ್ದೇ ತಡ, ಕೆಳಗಿನ ನಟ್ ಹತ್ತಿರ ಬಂದು ಕುಣಿಯತೊಡಗಿತು. ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಹುಡುಗ ಬಾಯ್ಲರಿಗೆ ನೀರು ತಳ್ಳುವ ಇಂಜೆಕ್ಟರ್ ತೆರೆದ. ಅದು ಹಿಡಿಯಲಿಲ್ಲ, ಕೆಮ್ಮಿ ನೀರು ಹೊರಗೆ ಉಗುಳಿತು. ಎರಡನೆಯದು ಪುಣ್ಯಕ್ಕೆ ಹಿಡಿಯಿತು. ಆ ದಿನ ಸಂಜೆ ಟೆಂಡರಿನ ಜಾಲರಿ ಬಿಚ್ಚಿ ನೋಡಿದರೆ ತುಂಬ ಬಣ್ಣದ ಚಕ್ಕೆ! ಉದ್ಘಾಟನೆಗೆ ಅಂತ ಟೆಂಡರಿನ ಒಳಗೂ ಬಣ್ಣ ಹೊಡೆದಿದ್ದರು. ಯಾರ್ಡಿನಲ್ಲಿ ಆ ಇಂಜೆಕ್ಟರ್ ಹತ್ತು ಸಲ ಕೆಲಸ ಮಾಡಿತ್ತು. ನೀರು ಕುಲುಕಿ ಚಕ್ಕೆ ಏಳಲು ಓಟ ಬೇಕಾಯಿತು.

ಇದೇನೂ ಬರೀ ಹೆದರಿಸುವ ಮಾತಲ್ಲ. 1995ರ ಜೂನ್‌ನಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್ ರೈಲ್ವೆಯ 1278ನೇ ನಂಬರಿನ ಎಂಜಿನ್ ಪ್ರವಾಸಿ ರೈಲು ಎಳೆಯುತ್ತಿರುವಾಗಲೇ ನೀರು ಕಮ್ಮಿಯಾಗಿ ಕ್ರೌನ್ ಶೀಟ್ ಕುಸಿಯಿತು. ಫುಟ್‌ಪ್ಲೇಟ್ ಮೇಲಿದ್ದ ಮೂವರೂ ಸುಟ್ಟುಕೊಂಡರು. ಗೇಜ್ ಗ್ಲಾಸಿಗೆ ಹೋಗುವ ದಾರಿಯಲ್ಲಿ ಸ್ಕೇಲ್, ಅಂದರೆ ನೀರಿನಿಂದ ಕೂರುವ ಗಟ್ಟಿ ಪದರ, ಕಟ್ಟಿತ್ತು. ಚದರ ಸೆಂಟಿಮೀಟರಿಗೆ 15 ಕೆ.ಜಿ. ಒತ್ತಡದ ಬಾಯ್ಲರಿನಲ್ಲಿ ನೀರು 200 ಡಿಗ್ರಿ ಇರುತ್ತದೆ. ಒಡೆದ ಕ್ಷಣಕ್ಕೆ ಅದರಲ್ಲಿ ಸುಮಾರು ಐದರಲ್ಲೊಂದು ಪಾಲು ಒಮ್ಮೆಲೇ ಉಗಿಯಾಗುತ್ತದೆ. ಒಂದು ಲೀಟರ್ ನೀರಿಗೆ 1,600 ಲೀಟರಿಗೂ ಜಾಸ್ತಿ ಉಗಿ. ಉಳಿದದ್ದು ನೀವೇ ಗುಣಿಸಿಕೊಳ್ಳಿ.

ಅದಕ್ಕೇ ನನ್ನ ಕಾಟ ಗೇಜ್ ಗ್ಲಾಸಿನಿಂದ ಶುರು. ಕೆಳಗಿನ ಡ್ರೇನ್ ತೆರೆಯಿರಿ. ನೀರಿನ ಕಾಕ್ ಮುಚ್ಚಿ, ಉಗಿ ಮಾತ್ರ ನುಗ್ಗಬೇಕು. ಅದನ್ನು ತೆರೆದು ಉಗಿಯ ಕಾಕ್ ಮುಚ್ಚಿ, ಈಗ ನೀರು ನುಗ್ಗಬೇಕು. ಆಮೇಲೆ ಡ್ರೇನ್ ಮುಚ್ಚಿ, ಎರಡನ್ನೂ ತೆರೆಯಿರಿ. ನೀರು ಚಂಗನೆ ಹಾರಿ ಮೇಲೆ ಬರಬೇಕು. ನಿದ್ದೆಯಿಂದ ಎದ್ದವರ ಹಾಗೆ ಮೆಲ್ಲಗೆ ಏರಿದರೆ ದಾರಿ ಕಟ್ಟಿದೆ ಅಂತ ಅರ್ಥ, ಆ ದಿನದ ಓಟ ರದ್ದು. ಇನ್ನೊಂದು ವಿಷಯ. ಪೂರ್ತಿ ತುಂಬಿದ ಗ್ಲಾಸೂ ಪೂರ್ತಿ ಖಾಲಿ ಗ್ಲಾಸೂ ನೋಡಲು ಒಂದೇ ಥರ. ಹಿಂದೆ ಓರೆ ಗೆರೆಯ ಪಟ್ಟಿ ಇಡುವುದು ಅದಕ್ಕೇ. ನೀರಿದ್ದ ಕಡೆ ಗೆರೆ ತಿರುವುಮುರುವಾಗಿ ಕಾಣುತ್ತದೆ.

ಹಾಗಾದರೆ ಹೇಗೆ ಹೊರಡಬೇಕು? ಮೊದಲು ಎಂಜಿನ್ ಒಂದೇ, ನಿಧಾನವಾಗಿ. ಹತ್ತು ಕಿಲೋಮೀಟರಿಗೆ ನಿಲ್ಲಿಸಿ, ಇಳಿದು, ಚಕ್ರದ ಅಚ್ಚಿನ ಬೇರಿಂಗ್ ಇರುವ ಪ್ರತಿ ಆಕ್ಸಲ್ ಬಾಕ್ಸ್ ಮೇಲೆ ಕೈಯ ಹಿಂಭಾಗ ಇಡಿ. ಅಂಗೈ ಬೇಡ, ಅದು ನಾಳೆಯೂ ಬೇಕು. ಎಲ್ಲ ಒಂದೇ ಸಮ ಬೆಚ್ಚಗಿದ್ದರೆ ಪರವಾಗಿಲ್ಲ. ಒಂದು ಮಾತ್ರ ಬಿಸಿ ಇದ್ದರೆ ರೋಗ ಅಲ್ಲೇ ಇದೆ. ಆಮೇಲೆ ವೇಗ ಹೆಚ್ಚಿಸಿ, ಮತ್ತೆ ನಿಲ್ಲಿಸಿ. ಆಮೇಲೆ ಖಾಲಿ ಬೋಗಿ ಕಟ್ಟಿ, ಏರಿರುವ ದಾರಿಯಲ್ಲೇ. ಮನೆಗೆ ಬಂದು ರಾಡ್ ಬಿಚ್ಚಿ ನೋಡಿ. ಇಷ್ಟರಲ್ಲಿ ಒಂದು ಕಡೆಯೂ ತೊಂದರೆ ಸಿಗಲಿಲ್ಲ ಅಂದರೆ ನೀವು ಸರಿಯಾಗಿ ನೋಡಿಲ್ಲ. ಬೇರೆ ರೈಲುಗಳ ನಡುವೆ ಹೋಗಲು ರೇಡಿಯೊ, ಸ್ಪೀಡೊಮೀಟರ್, ಸಿಗ್ನಲ್ ದಾಟಿದರೆ ತಾನೇ ಬ್ರೇಕ್ ಹಿಡಿಯುವ ಸಾಧನ, ಹೊಸ ಬೋಗಿಗಳಿಗೆ ಏರ್ ಬ್ರೇಕ್, ಇವೆಲ್ಲ ಹೇಗೂ ಬೇಕು. ‘ಅದು ಹಾಕಿದರೆ ಹಳೆತನದ ಅಂದ ಹೋಗುತ್ತೆ’ ಅನ್ನುವವರ ಹತ್ತಿರ ನಾನು ವಾದಿಸುವುದಿಲ್ಲ.

ಪ್ರಶ್ನೆ: ಕ್ರೌನ್ ಶೀಟ್‌ನಲ್ಲಿ ಫ್ಯೂಸಿಬಲ್ ಪ್ಲಗ್ ಇದೆ. ನೀರು ಕಮ್ಮಿಯಾದರೆ ಅದೇ ಕರಗಿ ಕಾಪಾಡುತ್ತದಲ್ವಾ?

ಉತ್ತರ: ಅದರೊಳಗಿನ ಸೀಸ 327 ಡಿಗ್ರಿಗೆ ಕರಗಬೇಕು, ನಿಜ. ಮೇಲೆ ಸ್ಕೇಲ್ ಮುಚ್ಚಿದ್ದರೆ ಕರಗಿಯೂ ಸುಮ್ನೆ ಕೂತಿರುತ್ತದೆ. ಕರಗಿ ಊದಿದರೂ ಅದು ಕೂಗುವುದಕ್ಕೆ ಇರುವುದು, ಬೆಂಕಿ ಆರಿಸುವುದಕ್ಕಲ್ಲ. ಫೈರ್‌ಮನ್‌ನ ಕಣ್ಣಿನ ಬದಲಿಗೆ ಪ್ಲಗ್ ನಂಬುವವರ ಎಂಜಿನ್ ಹತ್ತಿರ ನಾನು ನಿಲ್ಲುವುದಿಲ್ಲ.

ಪ್ರಶ್ನೆ: ಬಾಯ್ಲರಿನೊಳಗೆ ಬೆಂಕಿಯ ಬಿಸಿ ಹಾಯುವ ಟ್ಯೂಬ್ ಸೋರುತ್ತಿದೆ. ಬಾಯ್ಲರಿಗೆ ಒಂದು ಪುಡಿ ಹಾಕಿದರೆ ಸೋರುವುದು ನಿಲ್ಲುತ್ತೆ, ಸ್ಕೇಲೂ ಹೋಗುತ್ತೆ ಅಂತ ಒಬ್ಬರು ಹೇಳಿದರು.

ಉತ್ತರ: ಆ ಒಬ್ಬರು ಎಲ್ಲ ಕಡೆಯೂ ಇದ್ದಾರೆ. ಹಿಂದೆ ತೌಡು, ಹೊಟ್ಟು, ಆಲೂಗಡ್ಡೆ ಸಿಪ್ಪೆ ಹಾಕುತ್ತಿದ್ದರು, ಈಗ ಡಬ್ಬಿಗೆ ಲೇಬಲ್ ಬಂದಿದೆ. ತೂತು ಮುಚ್ಚುವ ಪುಡಿಗೆ ತೂತು ಯಾವುದು, ಗೇಜ್ ಗ್ಲಾಸಿನ ದಾರಿ ಯಾವುದು ಅಂತ ಗೊತ್ತಾಗುತ್ತದೆಯೇ? ನೀರನ್ನು ಲ್ಯಾಬಿನಲ್ಲಿ ಟೆಸ್ಟ್ ಮಾಡಿಸಿ ಅದಕ್ಕೆ ತಕ್ಕ ಔಷಧಿ ಹಾಕುವುದು ಬೇರೆ, ಇದು ಬೇರೆ. ಸೋರುವ ಟ್ಯೂಬ್ ಬದಲಿಸಿ.

ಪ್ರಶ್ನೆ: ಬಾಯ್ಲರಿನ ಹೈಡ್ರಾಲಿಕ್ (ನೀರಿನ ಒತ್ತಡದ) ಟೆಸ್ಟಿಗೆ ನೀರಿನ ಬದಲು ಕಂಪ್ರೆಸರ್ ಗಾಳಿ ತುಂಬಿದರೆ ಬೇಗ ಆಗುತ್ತಲ್ವಾ?

ಉತ್ತರ: ಬೇಗ ಆಗುತ್ತೆ, ಎಲ್ಲವೂ. ನೀರು ಒತ್ತಿದರೂ ಕುಗ್ಗುವುದು ತೀರಾ ಕಮ್ಮಿ, ಬಿರುಕು ಬಿಟ್ಟರೆ ಸೋರಿ ಒತ್ತಡ ಇಳಿದುಹೋಗುತ್ತದೆ. ಗಾಳಿ ಸ್ಪ್ರಿಂಗ್ ಇದ್ದ ಹಾಗೆ, ಬಿರುಕು ಬಿಟ್ಟರೆ ತಗಡೇ ಹಾರುತ್ತದೆ.

ಪ್ರಶ್ನೆ: ವರ್ಷಕ್ಕೆ ಹತ್ತೇ ದಿನ ಓಡಿಸುತ್ತೇವೆ. ಬಾಯ್ಲರ್ ಸವೆಯುವುದೇ ಇಲ್ಲ, ಮತ್ತೆ ಬಿಚ್ಚುವುದು ಯಾಕೆ?

ಉತ್ತರ: ನಿಂತ ಬಾಯ್ಲರ್ ಓಡುವ ಬಾಯ್ಲರಿಗಿಂತ ಜೋರಾಗಿ ತುಕ್ಕು ಹಿಡಿಯುತ್ತದೆ. ಅಮೆರಿಕದ ನಿಯಮದಲ್ಲಿ 1,472 ಸರ್ವಿಸ್ ದಿನ ಅಥವಾ 15 ವರ್ಷ, ಯಾವುದು ಮೊದಲೋ ಅದಕ್ಕೆ ಟ್ಯೂಬ್ ಕಿತ್ತು ಪೂರ್ತಿ ನೋಡಬೇಕು. ಆ ‘ಅಥವಾ’ ನಿಮ್ಮಂಥವರಿಗಾಗಿಯೇ ಬರೆದದ್ದು.

ಪ್ರಶ್ನೆ: ಕಪ್ಪು ಹೊಗೆ ದಟ್ಟವಾಗಿ ಬಂದರೆ ಎಂಜಿನ್‌ಗೆ ಶಕ್ತಿ ಜಾಸ್ತಿ ಅಂತಲ್ವಾ?

ಉತ್ತರ: ಉರಿಯದ ಕಲ್ಲಿದ್ದಲು ಚಿಮಣಿಯಿಂದ ಹೊರಗೆ ಹೋಗುತ್ತಿದೆ ಅಂತ.

ಪ್ರಶ್ನೆ: ಕೆಲಸ ಮುಗಿಯುವ ಮೊದಲೇ ಬಣ್ಣ ಹೊಡೆದು ಜನರಿಗೆ ತೋರಿಸಿದರೆ ದೇಣಿಗೆ ಬರುತ್ತೆ. ತಪ್ಪೇನು?

ಉತ್ತರ: ಬ್ರಿಟನ್ನಿನ ಹಳೆ ಎಂಜಿನ್ ಫ್ಲೈಯಿಂಗ್ ಸ್ಕಾಟ್ಸ್‌ಮನ್‌ಗೆ 2011ರಲ್ಲಿ ಕಪ್ಪು ಬಣ್ಣ ಹೊಡೆದು ತೋರಿಸಿದರು. ಆಮೇಲೆ ಫ್ರೇಮಿನ ಕಡೆ ಬಿರುಕುಗಳು ಕಂಡವು. ಮೇನ್ ಲೈನಿಗೆ ಬಂದದ್ದು 2016ರಲ್ಲಿ, ಖರ್ಚು 42 ಲಕ್ಷ ಪೌಂಡ್. ಮೊದಲು ಬಿರುಕು ಹುಡುಕಿ. ಬಣ್ಣ ಎಲ್ಲೂ ಓಡಿಹೋಗುವುದಿಲ್ಲ.

ಪ್ರಶ್ನೆ: ಬೆಳಿಗ್ಗೆ ಆರಕ್ಕೆ ಬೆಂಕಿ ಹಾಕಿ ಎಂಟಕ್ಕೆ ಹೊರಡಬಹುದೇ?

ಉತ್ತರ: ತಣ್ಣಗಿರುವ ದೊಡ್ಡ ಬಾಯ್ಲರಿಗೆ ಹಿಂದಿನ ದಿನವೇ ಬೆಂಕಿ ಹಾಕಿ. ಅವಸರದಲ್ಲಿ ಕಾಯಿಸಿದರೆ ಒಂದು ಕಡೆ ಹಿಗ್ಗಿ, ಇನ್ನೊಂದು ಕಡೆ ಹಿಗ್ಗದೆ, ತಗಡುಗಳನ್ನು ಹಿಡಿದಿಡುವ ಸ್ಟೇಗಳು ಮುರಿಯುತ್ತವೆ.

ಪ್ರಶ್ನೆ: ಮೊದಲ ಓಟದ ದಿನ ಫುಟ್‌ಪ್ಲೇಟ್ ಮೇಲೆ ಅತಿಥಿಗಳನ್ನು ಹತ್ತಿಸಬಹುದೇ?

ಉತ್ತರ: ಬೇಡ. ಫೋಟೋ ಚೆನ್ನಾಗಿ ಬರುತ್ತೆ ಅಂತ ಗೇಜ್ ಗ್ಲಾಸ್ ಮುಂದೆಯೇ ನಿಲ್ಲುತ್ತಾರೆ.