ಮಲ್ಲಿಗೆ ಮೂಸುವುದಿಲ್ಲ

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸು. ಇಂಗ್ಲಿಷ್ ಪರೀಕ್ಷೆಯಲ್ಲಿ ‘ದ ಜಾಸ್ಮಿನ್ ಈಸ್ ಸ್ಮೆಲಿಂಗ್ ಸ್ವೀಟ್ಲಿ’ ಎಂದು ಬರೆದಿದ್ದಳು. ಟೀಚರ್ ಎರಡು ಕಡೆ ಕೆಂಪು ಗೆರೆ ಎಳೆದಿದ್ದಾರೆ, ಕಾರಣ ಬರೆದಿಲ್ಲ. ಎಲ್ಲಿ ತಪ್ಪಾಯಿತು? ಸ್ಮೆಲ್, ಸೆಂಟ್, ಓಡರ್, ಅರೋಮಾ ಎಲ್ಲಕ್ಕೂ ನಮ್ಮ ಮನೆಯ ಡಿಕ್ಷನರಿಯಲ್ಲಿ ‘ವಾಸನೆ’ ಅಂತಲೇ ಇದೆ. ಯಾವುದನ್ನು ಎಲ್ಲಿ ಬಳಸಬೇಕು?
– ಒಬ್ಬ ತಾಯಿ, ಅರಸೀಕೆರೆ

ಉತ್ತರ: ಗೆರೆ ಎರಡೂ ಸರಿಯಾದ ಜಾಗದಲ್ಲೇ ಬಿದ್ದಿವೆ ತಾಯಿ. ಆದರೆ ಮಗಳು ಹಾಗೆ ಬರೆದದ್ದಕ್ಕೆ ಒಳ್ಳೆಯ ಕಾರಣವೂ ಇದೆ. ಅವಳ ಮನಸ್ಸಿನಲ್ಲಿ ‘ಮಲ್ಲಿಗೆ ಘಮಘಮಿಸುತ್ತಿದೆ’ ಎಂಬ ಮಾತಿತ್ತು. ಅದು ಚೆಂದದ ಕನ್ನಡ. ಅದನ್ನು ಅವಳಿಗೆ ಮೊದಲು ಹೇಳಿ.

ಮೂಗಿನ ವಿಷಯಕ್ಕೆ ಕನ್ನಡದಲ್ಲಿ ಬೇರೆ ಬೇರೆ ಮಾತುಗಳಿವೆ. ನಾವಾಗಿ ಮೂಗನ್ನು ಹತ್ತಿರ ಒಯ್ದರೆ ಮೂಸುತ್ತೇವೆ. ಸುಮ್ನೆ ಕೂತಿದ್ದಾಗ ತಾನಾಗೇ ಮೂಗಿಗೆ ಬಡಿದರೆ ‘ವಾಸನೆ ಬರ್ತಿದೆ’ ಅನ್ನುತ್ತೇವೆ. ಹೂವು ಘಮಘಮಿಸುತ್ತದೆ, ಚರಂಡಿ ನಾರುತ್ತದೆ. ಇಂಗ್ಲಿಷ್ ಕಿವಿಗೆ ಹೀಗೆ ಮೂರು ಪದ ಕೊಟ್ಟಿದೆ. ಕಿವಿಗೊಟ್ಟರೆ ಲಿಸನ್, ಕಿವಿಗೆ ಬಿದ್ದರೆ ಹಿಯರ್, ಸದ್ದು ಹೇಗಿದೆ ಎನ್ನಲು ಸೌಂಡ್. ಮೂಗಿಗೆ ಮಾತ್ರ ಮೂರೂ ಕೆಲಸಕ್ಕೆ ಸ್ಮೆಲ್ ಒಂದೇ. ತೊಡಕು ಇರುವುದು ಅಲ್ಲೇ.

‘ಸ್ಮೆಲಿಂಗ್’ ಎಂದು ಇಂಗ್ ಹಚ್ಚಿದ ಕೂಡಲೇ ಅದು ಬೇಕೆಂದೇ ಮಾಡುವ ಕೆಲಸ ಆಗುತ್ತದೆ, ಅಂದರೆ ಮೂಸುವುದು. ಹಾಲು ಕೆಟ್ಟಿದೆಯಾ ಎಂದು ಪಾತ್ರೆಗೆ ಮೂಗು ಹಿಡಿದಿದ್ದೀರಿ ಅನ್ನಿ. ಆಗ ‘ಐ ಆಮ್ ಸ್ಮೆಲಿಂಗ್ ದ ಮಿಲ್ಕ್’ ಪೂರ್ತಿ ಸರಿ. ಮಲ್ಲಿಗೆ ಮೂಸುವುದಿಲ್ಲ. ಅದಕ್ಕೇ ‘ದ ಜಾಸ್ಮಿನ್ ಸ್ಮೆಲ್ಸ್ ಸ್ವೀಟ್’. ವಾಸನೆ ತಾನಾಗಿ ಬಂದರೆ ‘ಕ್ಯಾನ್’ ಸೇರಿಸುವುದು ರೂಢಿ: ‘ಐ ಕ್ಯಾನ್ ಸ್ಮೆಲ್ ಗ್ಯಾಸ್’. ನಾವು ‘ಗ್ಯಾಸ್ ಸ್ಮೆಲ್ ಈಸ್ ಕಮಿಂಗ್’ ಅನ್ನುತ್ತೇವೆ, ಅಲ್ವಾ? ಕನ್ನಡದಲ್ಲಿ ವಾಸನೆ ನಮ್ಮ ಹತ್ತಿರ ಬರುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಹಿಡಿಯುವವರು ನಾವು.

ಇನ್ನು ಸ್ವೀಟ್ಲಿ. ಸಿಹಿತನ ಹೂವಿನದು. ಹೂವು ಮಾಡುವ ಕೆಲಸದ ರೀತಿಯನ್ನು ಅದು ಹೇಳುತ್ತಿಲ್ಲ. ಅದಕ್ಕೆ ಲಿ ಬೇಡ. ಮಗಳಿಗೆ ನಾಯಿಯ ಉದಾಹರಣೆ ಕೊಡಿ. ‘ದ ಡಾಗ್ ಸ್ಮೆಲ್ಸ್ ಬ್ಯಾಡ್’ ಅಂದರೆ ನಾಯಿಗೆ ಸ್ನಾನ ಮಾಡಿಸಬೇಕು. ‘ಸ್ಮೆಲ್ಸ್ ಬ್ಯಾಡ್ಲಿ’ ಅಂದರೆ ಪಾಪ, ಅದರ ಮೂಗು ಸರಿಯಾಗಿ ಕೆಲಸ ಮಾಡುತ್ತಿಲ್ಲ. ಒಂದು ಸಲ ಕೇಳಿದರೆ ಮಕ್ಕಳು ಇದನ್ನು ಮರೆಯುವುದಿಲ್ಲ.

ಪದಗಳ ವ್ಯತ್ಯಾಸ ನಾನು ಕಲಿತದ್ದು ಕ್ಲಾಸಿನಲ್ಲಲ್ಲ. ಮೈಸೂರಿನ ಒಂದು ಊದುಬತ್ತಿ ಕಾರ್ಖಾನೆಯಲ್ಲಿ 31 ವರ್ಷ ಹೊರದೇಶದ ವ್ಯಾಪಾರಿಗಳಿಗೆ ಇಂಗ್ಲಿಷ್ ಪತ್ರ ಬರೆಯುವ ಕೆಲಸ ನನ್ನದು. ಸೇರಿದ ಮೊದಲ ವರ್ಷ ಹಾಲುಮಡ್ಡಿ ಹಾಕಿದ ಒಂದು ಮಸಾಲಾ ಬತ್ತಿ ಬಹಳ ಚೆನ್ನಾಗಿ ಬಂದಿತ್ತು. ಖುಷಿಯಲ್ಲಿ ‘ಈ ಸಲದ ಮಾಲಿಗೆ ಸ್ಟ್ರಾಂಗ್ ಓಡರ್ ಇದೆ’ ಎಂದು ಬರೆದುಬಿಟ್ಟೆ. ಅಲ್ಲಿಂದ ಬಂದ ಪತ್ರದಲ್ಲಿ, ಮಾಲು ಏನಾದರೂ ನೆನೆದು ಕೆಟ್ಟಿದೆಯೇ, ಹಾಗಿದ್ದರೆ ಕಳಿಸಬೇಡಿ ಎಂದಿತ್ತು. ಯಜಮಾನರು ಬೈಯಲಿಲ್ಲ. ಹೊಸ ಪತ್ರ ಬರೆಸಿದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಷ್ಟೋ ಹೆಣ್ಣುಮಕ್ಕಳು ಹೊಸೆದ ಬತ್ತಿ ನನ್ನ ಒಂದು ಪದದಿಂದ ವಾಪಸ್ಸಾಗುವುದರಲ್ಲಿತ್ತು.

ಅಂದಿನಿಂದ ಹೀಗೆ ಇಟ್ಟುಕೊಂಡಿದ್ದೇನೆ. ಹೂವು, ಸೋಪು, ಊದುಬತ್ತಿಗೆ ಫ್ರೇಗ್ರೆನ್ಸ್. ಕಾಫಿ, ಏಲಕ್ಕಿ, ಒಗ್ಗರಣೆಗೆ ಅರೋಮಾ. ಗ್ರೀಕಿನಲ್ಲಿ ಆ ಪದದ ಅರ್ಥವೇ ಮಸಾಲೆ ಸಾಮಾನು. ಓಡರ್ ವಿಜ್ಞಾನದ ಪುಸ್ತಕದಲ್ಲಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ, ಅದು ಓಡರ್‌ಲೆಸ್. ಸೋರಿದರೆ ಗೊತ್ತಾಗಲಿ ಎಂದು ಅದಕ್ಕೆ ಈಥೈಲ್ ಮರ್ಕಾಪ್ಟಾನ್ ಬೆರೆಸುತ್ತಾರೆ. ಆದರೆ ದಿನದ ಮಾತಿನಲ್ಲಿ ಓಡರ್ ಅಂದರೆ ಬೆವರು, ಚರಂಡಿ ನೆನಪಾಗುತ್ತವೆ. ಸೆಂಟ್ ತೆಳುವಾದ ಕಂಪು. ನಾವು ಮದುವೆಮನೆಗೆ ಹಾಕಿಕೊಂಡು ಹೋಗುವ ಸೆಂಟು ಇದೇ. ಪ್ರಾಣಿ ಓಡಿದ ದಾರಿಯಲ್ಲಿ ಉಳಿಯುವ, ನಾಯಿ ಹಿಡಿದು ಹೋಗುವ ವಾಸನೆಯೂ ಸೆಂಟೇ. ಅದರ ಸ್ಪೆಲಿಂಗಿನಲ್ಲಿ ಸಿ ಯಾಕೆ ಎಂದು ಮಗಳು ಕೇಳಬಹುದು. ಲ್ಯಾಟಿನ್ನಿನಿಂದ ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ ಬಂದ ಪದ ಅದು. ‘ಸೆನ್ಸ್’ ಅದಕ್ಕೆ ಅಕ್ಕ ಅಥವಾ ತಂಗಿ. ಬಂದಾಗ ಸಿ ಇರಲಿಲ್ಲ, 17ನೇ ಶತಮಾನದಲ್ಲಿ ಸುಮ್ನೆ ಸೇರಿಕೊಂಡಿತು.

ನನಗೆ ಬಹಳ ಇಷ್ಟವಾದದ್ದು ಸ್ಟಿಂಕ್ ಪದದ ಕಥೆ. ಇವತ್ತು ಅದಕ್ಕೆ ನಾರುವುದು ಎಂದಷ್ಟೇ ಅರ್ಥ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಹೂವೂ ಸ್ಟಿಂಕ್ ಆಗಬಹುದಿತ್ತು. ಒಳ್ಳೆಯದೋ ಕೆಟ್ಟದ್ದೋ, ವಾಸನೆ ಬೀರಿದರೆ ಸಾಕಿತ್ತು. ನಮ್ಮ ‘ನಾರು’ ಪದದ ಹಾದಿಯೂ ಹೀಗೇ ಇದೆ. ಹಳೆಯ ತಮಿಳು ಪದ್ಯಗಳಲ್ಲಿ ಹೂವು ನಾರುತ್ತದೆ, ಅಂದರೆ ಕಂಪು ಬೀರುತ್ತದೆ. ಇವತ್ತು ಯಾರ ಮನೆಯ ಹೂವಿಗಾದರೂ ಹಾಗೆ ಹೇಳಿ ನೋಡಿ! ‘ವಾಸನೆ’ಯೂ ಅದೇ ದಾರಿ ಹಿಡಿದಿದೆ. ‘ಇಲ್ಲೇನೋ ವಾಸನೆ’ ಅಂದರೆ ಕೆಟ್ಟದ್ದೇ. ಇಂಗ್ಲಿಷಿನಲ್ಲೂ ‘ಇಟ್ ಸ್ಮೆಲ್ಸ್’ ಎಂದು ನಿಲ್ಲಿಸಿದರೆ ಅದೇ ಅರ್ಥ. ಹಾಗಾಗಿ ಯಾರಿಗಾದರೂ ‘ಯು ಸ್ಮೆಲ್’ ಎಂದು ಅರ್ಧಕ್ಕೆ ನಿಲ್ಲಿಸಬೇಡ, ‘ನೈಸ್’ ಸೇರಿಸು ಎಂದು ಮಗಳಿಗೆ ಹೇಳಿ.

ಪ್ರಶ್ನೆ: ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಗೆ ಇಂಗ್ಲಿಷಿನಲ್ಲಿ ಪೆಟ್ರಿಕೋರ್ ಅನ್ನುತ್ತಾರಂತೆ. ಹಾಗೇ ಅವರೆಕಾಯಿ ಸೊಗಡಿಗೆ ಏನನ್ನಬೇಕು? ಆಫೀಸಿನಲ್ಲಿ ಹೊರದೇಶದ ಗೆಳೆಯನಿಗೆ ವಿವರಿಸಲು ಹೋಗಿ ಸೋತೆ.
– ಓದುಗರು, ಬೆಂಗಳೂರು

ಉತ್ತರ: ಪೆಟ್ರಿಕೋರ್ ಹಳೆಯ ಪದವಲ್ಲ. 1964ರಲ್ಲಿ ಇಸಾಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಕಟ್ಟಿಕೊಟ್ಟದ್ದು. ಗ್ರೀಕಿನಲ್ಲಿ ಪೆಟ್ರಾ ಅಂದರೆ ಕಲ್ಲು, ಇಕೋರ್ ಅಂದರೆ ದೇವತೆಗಳ ನರಗಳಲ್ಲಿ ಹರಿಯುವ ರಸ. ಅದಕ್ಕೆ ಎಷ್ಟೋ ಮೊದಲೇ ಉತ್ತರ ಪ್ರದೇಶದ ಕನೌಜಿನವರು ಮಣ್ಣನ್ನು ಭಟ್ಟಿ ಇಳಿಸಿ, ಆ ವಾಸನೆಯನ್ನು ಶ್ರೀಗಂಧದ ಎಣ್ಣೆಯಲ್ಲಿ ಹಿಡಿದು ಮಿಟ್ಟಿ ಅತ್ತರ್ ಮಾಡುತ್ತಿದ್ದರು. ಮಾತಾಡುವಾಗ ‘ದ ಸ್ಮೆಲ್ ಆಫ್ ರೇನ್’ ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ.

ಸೊಗಡಿಗೆ ಇಂಗ್ಲಿಷಿನಲ್ಲಿ ಒಂದು ಪದ ಇಲ್ಲ. ಅರೋಮಾ ಅಂದರೆ ತೀರಾ ನಯವಾಯಿತು, ಓಡರ್ ಅಂದರೆ ಅವರೆಗೆ ಅವಮಾನ. ಆ ಕಾಯಿ ಬಿಡಿಸುವಾಗ ಬೆರಳಿಗೆ ಅಂಟುವ ಎಣ್ಣೆ, ಆ ಹಸಿರು ಗಾಟು, ಎರಡು ದಿನ ಕೈ ತೊಳೆದರೂ ಹೋಗದ ಆ ವಾಸನೆ ಎಲ್ಲ ಸೇರಿದರೆ ಸೊಗಡು. ನೀವು ಸೋತಿಲ್ಲ. ‘ಸೊಗಡು’ ಅಂತಲೇ ಹೇಳಿ, ಆಮೇಲೆ ಒಂದು ಹಿಡಿ ಕಾಯಿ ಕೊಟ್ಟು ‘ಸ್ಮೆಲ್ ಯುವರ್ ಫಿಂಗರ್ಸ್’ ಅನ್ನಿ. ಚಳಿ ಇರುವಾಗಲೇ ಕೊಡಿ. ಇಬ್ಬನಿ ನಿಂತ ಮೇಲೆ ಬರುವ ಕಾಯಿಯಲ್ಲಿ ಸೊಗಡು ಅಷ್ಟು ಇರುವುದಿಲ್ಲ.