ಅವರೆಕಾಯಿ ಸುಲಿಯಲು ಜೊತೆಗೆ ಯಾರೂ ಇಲ್ಲ

"ಬೀದಿ ತುಂಬ ಹೊರಗಿನವರೇ, ನಮ್ಮೂರಲ್ಲೇ ನಾವು ಪರದೇಶಿಗಳು." ಈ ಮಾತು ಈಗೀಗ ಜಾಸ್ತಿ ಕೇಳುತ್ತಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಬೆಂಗಳೂರಿನ ಪೀಣ್ಯದ ಕಡೆ ಸ್ವಂತ ಮನೆ ಇರುವ, ಅರವತ್ತು ದಾಟಿದ ಅಮ್ಮ. ನಿದ್ದೆಯಿಲ್ಲ, ಬಿಪಿ, ಸಿಟ್ಟು ಅಂತ ಮಗ ನನ್ನ ಬಳಿ ಸಲಹೆಗೆ ಕರೆತಂದಿದ್ದ. ಮಹಡಿಯ ರೂಮುಗಳಲ್ಲಿ ಒಡಿಶಾ, ಬಿಹಾರದ ಹುಡುಗರು ಬಾಡಿಗೆಗಿದ್ದಾರೆ. 2024ರ ಬೇಸಿಗೆಯಲ್ಲಿ ನೀರಿಗೆ ಪರದಾಟವಾದಾಗ ಇವರು ಸಿಟ್ಟಿಗೆ ಎರಡು ದಿನ ಅವರ ನಲ್ಲಿ ಬಂದ್ ಮಾಡಿದ್ದರು.

ಮೂರನೇ ಸಲ ಬಂದಾಗ, ಮೊದಲೆಲ್ಲ ಸಂಜೆ ಏನು ಮಾಡುತ್ತಿದ್ದಿರಿ ಅಂತ ಸುಮ್ನೆ ಕೇಳಿದೆ. ಮುಖವೇ ಬದಲಾಯಿತು. ಚಳಿಗಾಲದಲ್ಲಿ ಐದು ಜನ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರಂತೆ, ಯಾರ ಮನೆ ಕಾಳು ಯಾರ ಸಾರಿಗೆ ಹೋಯಿತೋ ಲೆಕ್ಕವೇ ಇರಲಿಲ್ಲವಂತೆ. ಒಬ್ಬರು ಮನೆ ಮಾರಿ ತುಮಕೂರಿಗೆ ಹೋದರು, ಇಬ್ಬರು ಮಕ್ಕಳ ಅಪಾರ್ಟ್‌ಮೆಂಟಿಗೆ ಹೋದರು, ಒಬ್ಬರು ತೀರಿಕೊಂಡರು.

"ಈ ಹುಡುಗರು ಬಂದಿದ್ದು ಅದಕ್ಕೆ ಮೊದಲಾ, ಆಮೇಲಾ?"

ಸೆರಗಿನ ಅಂಚು ಮಡಿಚುತ್ತಾ ಬಹಳ ಹೊತ್ತು ಕೂತರು. "ಆಮೇಲೆ. ಹೋದವರ ಮೇಲೆ ಕೋಪ ಮಾಡ್ಕೊಳ್ಳೋಕೆ ಆಗಲ್ಲ ಅಲ್ವಾ ಮೇಡಂ?"

ನೀರು ನಿಲ್ಲಿಸಿದ್ದು ತಪ್ಪು, ಅದನ್ನು ನೇರವಾಗಿಯೇ ಹೇಳಿದೆ. ಆದರೆ ಭಾಷಣ ಮಾಡಲಿಲ್ಲ. ಪೂರ್ವಗ್ರಹವನ್ನು ಖಂಡಿಸಬೇಕಿತ್ತು ಅಂತ ಸಹೋದ್ಯೋಗಿಯೊಬ್ಬರು ಬೇಸರಪಟ್ಟರು. ಒಂಟಿತನದಲ್ಲಿರುವವರಿಗೆ ಬೈದರೆ ಬಾಗಿಲು ಇನ್ನೂ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಾರೆ, ಇದು ನಾನು ನೋಡಿ ಕಲಿತಿದ್ದು.

ನೀರು, ಕಸದ ವಿಷಯ ಬ್ರೋಕರ್ ಕೈಲಿ ಹೇಳಿಸಬೇಡಿ, ನೀವೇ ಹೇಳಿ ಎಂದೆ. ಒಬ್ಬೊಬ್ಬರ ಹೆಸರು ಕೇಳಿ. ಅವರು ಕನ್ನಡ ಕಲಿಯಬೇಕು ಅನ್ನುವ ನಿಮ್ಮ ಆಸೆ ನ್ಯಾಯವೇ, ಆದರೆ ಹನ್ನೆರಡು ಗಂಟೆ ದುಡಿದು ಬಂದು ತಮ್ಮವರ ಜೊತೆಯೇ ಮಲಗುವ ಹುಡುಗರಿಗೆ ಕಲಿಸುವವರು ಯಾರು? ಮೆಟ್ಟಿಲ ಮೇಲೆ ಸಿಕ್ಕಾಗ ದಿನಕ್ಕೆ ಎರಡು ಪದ ನೀವೇ ಹೇಳಿಕೊಡಿ. ತುಮಕೂರಿನ ಗೆಳತಿಗೂ ಫೋನ್ ಮಾಡಿ, ಆ ಜಾಗವನ್ನು ಈ ಹುಡುಗರು ತುಂಬಲಾರರು.

ಹೆಸರಿಗೆ ಯಾಕೆ ಇಷ್ಟು ಒತ್ತು ಅಂದರೆ, 2012ರ ಆಗಸ್ಟ್ ನನಗೆ ಮರೆತಿಲ್ಲ. ಹಲ್ಲೆಯಾಗುತ್ತದೆ ಅನ್ನುವ ಬರೀ ವದಂತಿಗೆ ಹೆದರಿ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. "ಹೋಗಬೇಡ, ನಾನಿದ್ದೀನಿ" ಅನ್ನುವ ಒಬ್ಬ ಓನರಮ್ಮ ಎಷ್ಟು ಜನಕ್ಕೆ ಇದ್ದರು?

ಅಮ್ಮನಿಗೆ ರಾತ್ರಿ ಹುಡುಗರ ಮೊಬೈಲ್ ಸದ್ದು ಈಗಲೂ ಕಿರಿಕಿರಿಯೇ. ಆದರೆ ಮೊನ್ನೆ ಬಂದಾಗ ನಾಲ್ಕೂ ಹುಡುಗರ ಹೆಸರು ಹೇಳಿದರು. ಒಬ್ಬ "ನೀರು ಬಂತಮ್ಮ" ಅಂತ ಕೆಳಗೆ ಬಂದು ಹೇಳಿ ಹೋಗುತ್ತಾನಂತೆ.